ಮಗ್ಗುಲುನಾಡಿನ ಹರಕೆ

ಕೆಲಸ ಅಂತ ಹೇಳಿದರೆ ಇಷ್ಟೇ. ಲಿನ್‌ವಿಲ್ ಕಣಿವೆಯ ತಳಕ್ಕೆ ಇಳಿಯಬೇಕು. ನದಿ ದಾಟಬೇಕು. ಆಚೆ ದಡದ ದೊಡ್ಡ ಬಂಡೆಯ ಕೆಳಗೆ ಒಂದು ಹಿಡಿ ಅವಲಕ್ಕಿ ಇಟ್ಟು, "ನಾನಿದ್ದೀನಿ" ಎಂದು ಒಂದು ಮಾತು ಹೇಳಬೇಕು. ಹೊತ್ತು ಮುಳುಗುವುದರೊಳಗೆ ಸ್ವಂತ ಕಾಲಿನ ಮೇಲೆ ಹತ್ತಿ ಬರಬೇಕು. ಗಟ್ಟಿ ಕಾಲಿನ ಹುಡುಗರಿಗೆ ಇದು ಒಂದು ಭಾನುವಾರದ ಓಡಾಟ. ಆದರೆ ಇಲ್ಲಿ ಹೊರಟವಳು ಷಾರ್ಲೆಟ್ ನಗರದ ಮಕ್ಸೂದಾ. ಐವತ್ತು ದಾಟಿದವಳು, ಬ್ಯಾಂಕಿನ ಕಂಪ್ಯೂಟರ್ ಮುಂದೆ ಕೂತು ಕೂತು ಬೆನ್ನು ಬಗ್ಗಿಸಿಕೊಂಡವಳು. ಅದು ಸಾಲದು ಎಂಬಂತೆ ಕೋವಿಡ್ ಬಂದು ಅವಳ ಶ್ವಾಸಕೋಶದ ಒಂದಷ್ಟನ್ನು ತಿಂದು ಹೋಗಿತ್ತು. ಮನೆಯ ಮೆಟ್ಟಿಲು ಹತ್ತಿದರೂ ಮಧ್ಯದಲ್ಲಿ ನಿಂತು ಗೋಡೆಯ ಫೋಟೋ ನೋಡುವ ನೆಪ ಹೂಡುತ್ತಿದ್ದಳು.

ಆದರೇನು, ಹರಕೆ ಎಂದರೆ ಹರಕೆ. ಯಾವ ದೇವರಿಗೆ ಎಂದು ಮಾತ್ರ ಕೇಳಬೇಡಿ, ಕೇಳಿದರೆ ನಗುತ್ತೀರಿ. ಇಲ್ಲದ ಲೋಕವೊಂದನ್ನು ಬೆನ್ನ ಮೇಲೆ ಹೊತ್ತು ಮಲಗಿರುವ, ಇಲ್ಲದ ಒಂದು ಕರಡಿಗೆ.

ಅದು ಹುಟ್ಟಿದ್ದು ಹೀಗೆ. ಎರಡು ಸಾವಿರದ ಇಪ್ಪತ್ತೊಂದರ ಜನವರಿಯಲ್ಲಿ ಮಕ್ಸೂದಾ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದಳು. ಗಂಡ ಇನಾಯತುಲ್ಲಾನನ್ನು ಒಳಗೆ ಬಿಡುತ್ತಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿಕೊಂಡು ಅವಳ ಕಿಟಕಿ ಯಾವುದಿರಬಹುದು ಎಂದು ಲೆಕ್ಕ ಹಾಕುತ್ತ ಕೂತಿರುತ್ತಿದ್ದ. ಆಗ ದಿನಾ ಸಂಜೆ ನರ್ಸಮ್ಮ ದಿಂಬಿನ ಪಕ್ಕ ಒಂದು ಟ್ಯಾಬ್ಲೆಟ್ ಇಟ್ಟು ಹೋಗುತ್ತಿದ್ದಳು. ಅದರೊಳಗೆ ಇಬ್ಬರು. ಒಬ್ಬಳು ಹರ್ನ್‌ಡನ್ನಿನ ಶ್ರೀಲತಾ, ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವಳು. ಇನ್ನೊಬ್ಬ ಎಲಿಕಾಟ್ ಸಿಟಿಯ ಪ್ರತಾಪ್, ಅದೇ ಕಾಲೇಜಿನಲ್ಲಿ ಇವರಿಗಿಂತ ಕಿರಿಯ, ಇಬ್ಬರನ್ನೂ ಅಕ್ಕ ಎನ್ನುವವನು. ಏನು ಮಾತಾಡುವುದು? ಆ ತಿಂಗಳಲ್ಲಿ ಸುದ್ದಿ ಎಂದರೆ ಸಾವಿನ ಸುದ್ದಿಯೇ. ಅದಕ್ಕೆ ಮಾತಿನ ಮಲ್ಲಿ ಶ್ರೀಲತಾ ಒಂದು ಕತೆ ಶುರು ಮಾಡಿದಳು. ಮಗ್ಗುಲುನಾಡು ಅಂತ ಒಂದು ಲೋಕ. ಅದರ ಕೆಳಗೆ ಮಲಗಿರುವುದು ದೊಡ್ಡಮ್ಮ ಎಂಬ ಕರಡಿ. ಅವಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ಮೇಲೆ ಒಂದು ಯುಗ ಮುಗಿಯುತ್ತದೆ. ಅವಳೇನಾದರೂ ಎಚ್ಚರವಾಗಿ ಎದ್ದು ನಿಂತಳೋ, ಎಲ್ಲವೂ ಮುಗಿಯುತ್ತದೆ.

ಒಂದೊಂದು ಸಂಜೆ ಒಂದೊಂದು ಪ್ರಳಯ. ಪ್ರತಾಪ ಊರುಗಳ ಹೆಸರಿಟ್ಟ, ಶ್ರೀಲತಾ ಮುಳುಗಿಸಿದಳು. ಯಾವ ಪ್ರಳಯ ಬಂದರೂ ಒಂದಿಷ್ಟು ಜನ ಬದುಕಿ ಉಳಿಯಲೇಬೇಕು ಎನ್ನುವುದು ಆ ಕತೆಯ ಕಟ್ಟುನಿಟ್ಟು. ಉಳಿದ ಜನ ದೊಡ್ಡಮ್ಮನ ಕಿವಿಯ ಹತ್ತಿರ ಹೋಗಿ, ಅವಲಕ್ಕಿ ಬೆಲ್ಲ ಇಟ್ಟು, "ನಾವಿದ್ದೀವಿ" ಎಂದು ಹೇಳಿ ಬರಬೇಕು. ಅವಳಿಗೆ ಗೊತ್ತಾಗಲಿ, ಮೆಲ್ಲಗೆ ಹೊರಳಲಿ ಅಂತ. ಇದನ್ನು ಕೇಳಿದ ಸಂಜೆ ಮಕ್ಸೂದಾ ಕೊಳವೆಯ ಒಳಗಿನಿಂದಲೇ, ನಾನು ಎದ್ದರೆ ನಾನೂ ನಡ್ಕೊಂಡು ಹೋಗಿ ಹೇಳ್ತೀನಿ ಎಂದಿದ್ದಳು. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ಕ್ಯಾಮೆರಾ ಆಫ್ ಮಾಡಿಕೊಂಡು ಅತ್ತರು.

ಎದ್ದಳು. ಕೃತಜ್ಞತೆಯ ಶುಕ್ರಾನಾ ನಮಾಜು ಆಯಿತು, ದಾನವೂ ಆಯಿತು. ಅಲ್ಲಾಹನಿಗೆ ಸಲ್ಲಿಸಬೇಕಾದದ್ದನ್ನು ಸಲ್ಲಿಸಿದ್ದಳು. ಈ ಹರಕೆ ಬೇರೆ. ಇಲ್ಲದ ಕರಡಿಗೆ ಎಂಥ ಹರಕೆ ಮಾರಾಯ್ತಿ ಎಂದು ಇನಾಯತುಲ್ಲಾ ರೇಗಿಸಿದಾಗ ಅವಳು, ಕರಡಿಗಲ್ಲ ರೀ, ಆ ಇಬ್ಬರಿಗೆ ಎಂದಿದ್ದಳು. ಅವನು ಆಮೇಲೆ ಆ ಮಾತೆತ್ತಲಿಲ್ಲ.

ಮೊದಲು ಅಂಚೆಪೆಟ್ಟಿಗೆಯವರೆಗೆ ನಡೆದಳು. ಆಮೇಲೆ ಮನೆ ಹತ್ತಿರದ ಬ್ಯಾಲಂಟೈನಿನ ಕೆರೆಯ ಸುತ್ತ. ಕಿವಿಯ ಹಾಗೆ ಮಡಚಿಕೊಂಡ ಬಂಡೆಯೊಂದು ಲಿನ್‌ವಿಲ್ ಕಣಿವೆಯಲ್ಲಿದೆ ಎಂದು ಪ್ರತಾಪ ಯಾವತ್ತೋ ಫೋಟೋ ಕಳಿಸಿದ್ದ. ಅದೇ ದೊಡ್ಡಮ್ಮನ ಕಿವಿ ಎಂದು ಮೂವರೂ ಸೇರಿ ತೀರ್ಮಾನಿಸಿದ್ದರು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಹೆಲೀನ್ ಚಂಡಮಾರುತ ಬಂದು ಆ ಬೆಟ್ಟಸಾಲನ್ನೆಲ್ಲ ಉಲ್ಟಾಪಲ್ಟಾ ಮಾಡಿತು. ಕಣಿವೆಯ ಹಾದಿಗಳು ಮುಚ್ಚಿದವು. ಮತ್ತೆ ಕೆಲವು ತೆರೆದ ಮೇಲಿನ ಮೇ ತಿಂಗಳಲ್ಲಿ, ಒಂದು ಶುಕ್ರವಾರ ಮುಂಜಾನೆ, ಕಣಿವೆಯ ಅಂಚಿನ ಜಲ್ಲಿ ಹಾಸಿದ ಪಾರ್ಕಿಂಗಿನಲ್ಲಿ ಮೂವರೂ ಬೂಟಿನ ಲಾಡಿ ಬಿಗಿದರು. ಇನಾಯತುಲ್ಲಾ ಕಾರಿನ ಹತ್ತಿರವೇ ಕಾಯುವುದೆಂದಾಯಿತು. ಅವನ ಮೊಣಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಪ್ರತಾಪ ಕಾಡಿಗೆ ಹೊಸಬನಲ್ಲ, ನಿಯಮದ ಮನುಷ್ಯ. ಬೆನ್ನಿಗೆ ಎರಡು ಸುರುಳಿ ಹಗ್ಗ, ಸೊಂಟಕ್ಕೆ ಕರಡಿ ಓಡಿಸುವ ಖಾರದ ಸ್ಪ್ರೇ, ಚೀಲದಲ್ಲಿ ಕರಡಿಯ ಉಗುರಿಗೂ ತೆಗೆಯಲಾಗದ ಗಟ್ಟಿ ಡಬ್ಬ. ಬರುವಾಗ ರೇಂಜರ್ ಆಫೀಸಿಗೆ ಒಬ್ಬನೇ ಹೋಗಿ ವಿಚಾರಿಸಿ ಬಂದಿದ್ದ. ಕರಡಿ ಓಡಾಟ ಇದೆಯಂತೆ, ಊಟ ಒಂದು ಚೂರೂ ಹೊರಗಿರಬಾರದು ಎಂದು ಹೇಳಿ, ಚಪಾತಿ ಪಲ್ಯ, ಖರ್ಜೂರ, ಚಕ್ಕುಲಿ ಎಲ್ಲವನ್ನೂ ಡಬ್ಬಕ್ಕೆ ತುಂಬಿ ಮುಚ್ಚಳ ತಿರುವಿದ. ಇಬ್ಬರೂ ವಿಧೇಯವಾಗಿ ತಲೆಯಾಡಿಸಿದರು. ಶ್ರೀಲತಾಳ ಜಾಕೆಟ್ಟಿನ ಜೇಬಿನಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ ಕಲೆಸಿದ ಪೊಟ್ಟಣವಿತ್ತು. ಅದನ್ನು ಡಬ್ಬಕ್ಕೆ ಹಾಕಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮುಚ್ಚಿಡಬೇಕು ಅಂತಲೂ ಅಲ್ಲ. ಅದು ನೈವೇದ್ಯ. ನೈವೇದ್ಯವನ್ನು ಯಾರಾದರೂ ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಇಳಿಯತೊಡಗಿದರು. ಹಾದಿಗೆ ಗುರುತು ಇರಲಿಲ್ಲ, ಫಲಕ ಇರಲಿಲ್ಲ. ಅಲ್ಲಲ್ಲಿ ಗರಗಸದಿಂದ ಕೊಯ್ದು ಸರಿಸಿದ ಮರದ ದಿಮ್ಮಿಗಳೇ ದಾರಿ ತೋರಿಸುತ್ತಿದ್ದವು. ಎದುರಿನ ಗೋಡೆಯಂಥ ಬೆಟ್ಟದ ಮೇಲೆ ಬೆಳ್ಳನೆಯ ಕಲ್ಲು, ಕೆಳಗೆ ಹಸುರು, ಅದಕ್ಕೂ ಕೆಳಗೆ ಕಾಣದ ನದಿಯ ಶಬ್ದ. ಚಂಡಮಾರುತ ಒಂದು ಕಡೆಯ ಮರಗಳನ್ನೆಲ್ಲ ಒಂದೇ ದಿಕ್ಕಿಗೆ ಮಲಗಿಸಿಬಿಟ್ಟಿತ್ತು. ಮಲಗಿದ ಮರಗಳ ಸಂದಿಯಲ್ಲೇ ಲಾರೆಲ್ ಗಿಡಗಳು ಗುಲಾಬಿ ಬಿಳುಪಿನ ಹೂವನ್ನು ಹೊತ್ತು ನಿಂತಿದ್ದವು. ಮಕ್ಸೂದಾ ಹತ್ತು ಹೆಜ್ಜೆಗೊಮ್ಮೆ ನಿಂತಳು, ನಿಂತಾಗಲೆಲ್ಲ ನೋಡಿದಳು. ತೆಗೆದುಕೊಂಡ ಉಸಿರು ತಳದವರೆಗೆ ಇಳಿಯುತ್ತಿದೆ, ಮೊಣಕಾಲು ಒಪ್ಪುತ್ತಿದೆ, ಮುಂದೆ ಒಬ್ಬ ಹಿಂದೆ ಒಬ್ಬಳು ಇದ್ದಾರೆ. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡಳು.

ಮೊದಲ ಒರತೆಯ ಹತ್ತಿರ ಶ್ರೀಲತಾ ನಿಂತು, ಇದೇ ಮೊದಲ ಮಗ್ಗುಲು ಎಂದಳು. ಮಗ್ಗುಲುನಾಡಿನ ಮೊದಲ ಪ್ರಳಯ ನೀರಿನದು. ದೊಡ್ಡಮ್ಮ ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿದಾಗ ತಟ್ಟೆ ಓರೆ ಮಾಡಿದರೆ ಸಾರು ಹರಿದ ಹಾಗೆ ಕಡಲೆಲ್ಲ ಬೆಟ್ಟದ ಸೀಮೆಗೆ ಹರಿಯಿತು. ಮೀನುಗಳು ಮರದ ಕೊಂಬೆಗೆ ಸಿಕ್ಕಿ ಒಣಗಿದವು. ಒಬ್ಬರ ಮನೆಗೊಬ್ಬರು ಹಗ್ಗ ಕಟ್ಟಿಕೊಂಡಿದ್ದ ಉಪ್ಪಳ್ಳಿಯವರು ಮಾತ್ರ ಊರಿಗೂರೇ ತೇಲಿಕೊಂಡು ಬದುಕಿದರು. ಹೀಗೆ ಹೇಳುತ್ತ ಶ್ರೀಲತಾ ಒಂದು ಅಗಲವಾದ ಎಲೆಯ ಮೇಲೆ ಒಂದು ಹಿಡಿ ಅವಲಕ್ಕಿ ಇಟ್ಟು, ಒರತೆಯ ಪಕ್ಕದ ಕಲ್ಲಿನ ಸಂದಿಗೆ ಸರಿಸಿದಳು. ಪ್ರತಾಪ ಮುಂದೆ ಹೋಗಿ ಬಿದ್ದ ಕೊಂಬೆಗಳನ್ನು ಎತ್ತಿ ಹಾಕುತ್ತಿದ್ದ, ನೋಡಲಿಲ್ಲ.

ಅರ್ಧ ಇಳಿದ ಮೇಲೆ ಬೆಟ್ಟ ಕುಸಿದ ಜಾಗ. ಹಾದಿಯನ್ನೇ ಕಿತ್ತುಕೊಂಡು ಹೋದ ಕೆಂಪು ಮಣ್ಣಿನ ಇಳಿಜಾರು. ಪ್ರತಾಪ ಈ ಕಡೆಯ ಓಕ್ ಮರಕ್ಕೆ ಹಗ್ಗ ಕಟ್ಟಿ ದಾಟಿ, ಆಚೆ ಇನ್ನೊಂದಕ್ಕೆ ಬಿಗಿದ. ಹಗ್ಗ ಹಿಡಿದು, ಒಂದೊಂದೇ ಕಾಲು ಊರಿ ಇಬ್ಬರೂ ದಾಟಿದರು. ಮಣ್ಣು ಕಾಲಡಿಯಲ್ಲಿ ಸರಸರ ಜಾರುತ್ತಿತ್ತು. ಆಚೆ ದಡದಲ್ಲಿ, ಪ್ರತಾಪ ಹಗ್ಗದ ಗಂಟು ನೋಡುತ್ತಿರುವಾಗ, ಎರಡನೇ ಪ್ರಳಯದ ನೈವೇದ್ಯ. ಅದು ದೊಡ್ಡಮ್ಮ ಆಕಳಿಸಿದ ಕತೆ. ನೆಲ ಬಾಯಿ ಬಿಟ್ಟು ಏಳು ಊರುಗಳನ್ನು ಬಾವಿ ಸಮೇತ ನುಂಗಿತ್ತು. ಅವತ್ತು ತಂತಮ್ಮ ಮನೆಯಲ್ಲೇ ಬಾಗಿಲು ಹಾಕಿಕೊಂಡಿದ್ದವರೆಲ್ಲ ಹೋದರು. ನೆರೆಯೂರಿನ ಬಾಣಂತಿಯನ್ನು ನೋಡಲು ಹೋದವರು ಉಳಿದರು.

ನದಿಗೆ ಸೇತುವೆ ಇರಲಿಲ್ಲ. ಚಂಡಮಾರುತವೇ ಒಂದು ಭಾರಿ ಪಾಪ್ಲರ್ ಮರವನ್ನು ಅಡ್ಡ ಕೆಡವಿ ಉಪಕಾರ ಮಾಡಿತ್ತು. ಮೂವರೂ ಅದರ ಮೇಲೆ ಕುದುರೆ ಸವಾರರ ಹಾಗೆ ಕೂತು, ಕೈಯೂರಿ ಕೈಯೂರಿ ದಾಟಿದರು. ಆಚೆ ರೋಡೋಡೆಂಡ್ರನ್ ಪೊದೆಗಳು ತಲೆಯ ಮೇಲೆ ಚಪ್ಪರ ಹಾಕಿಕೊಂಡಿದ್ದವು. ಒಳಗೆ ಗಾಳಿಯೇ ಇರಲಿಲ್ಲ. ಅಲ್ಲಿ ಶ್ರೀಲತಾ ಕತೆ ಹೇಳಲಿಲ್ಲ. ಮೂರನೆಯದು ಉಸಿರುಗಟ್ಟಿನ ಪ್ರಳಯ. ದೊಡ್ಡಮ್ಮ ಮೂತಿಯನ್ನು ಕಂಕುಳಲ್ಲಿ ಹುದುಗಿಸಿ ಉಸಿರು ಹಿಡಿದಳು, ಲೋಕದಲ್ಲಿ ಗಾಳಿ ನಿಂತುಹೋಯಿತು. ಹೊಗೆ ಎದ್ದ ಕಡೆಯೇ ನಿಂತಿತು, ಹಕ್ಕಿಗಳು ನಡೆದುಕೊಂಡು ಹೋದವು, ಜನ ತೊಗಲಿನ ಚೀಲದಲ್ಲಿ ಉಳಿದಿದ್ದ ಗಾಳಿಯನ್ನು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಊದಿ ಬದುಕಿಸಿಕೊಂಡರು. ಡಾಕ್ಟರು ವೆಂಟಿಲೇಟರಿನ ಮಾತು ತೆಗೆದ ಸಂಜೆ ಹೇಳಿದ ಕತೆ ಅದು. ಪ್ರತಾಪ ಮುಂದೆ ಪೊದೆ ಸರಿಸುತ್ತಿರುವಾಗ ಇಬ್ಬರೂ ಸುಮ್ಮನೆ ಎಲೆ ಇಟ್ಟರು. ಶ್ರೀಲತಾ ಮಕ್ಸೂದಾಳ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಕಿವಿ ಸಿಕ್ಕಿತು. ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡದು. ಬಂಡೆಯ ಅಂಚು ಸುರುಳಿಯಾಗಿ ಮಡಚಿಕೊಂಡು, ಕೆಳಗೆ ಮೂರು ಜನ ನಿಲ್ಲುವಷ್ಟು ತಂಪಾದ ಗೂಡು. ಮಕ್ಸೂದಾ ಉಳಿದ ಅವಲಕ್ಕಿಯನ್ನು ಎಲೆಯ ಮೇಲೆ ಸುರಿದು ಗೂಡಿನೊಳಗಿಟ್ಟಳು. ಎಷ್ಟು ವರ್ಷದ ಕನಸು. ಇನ್ನೇನು ಬಾಯಿ ತೆರೆಯಬೇಕು, ಹಿಂದಿನಿಂದ ಪ್ರತಾಪನ ದನಿ ಬಂತು.

"ಅಕ್ಕ, ಇದೇನಿದು?"

"ನೈವೇದ್ಯ ಕಣೋ," ಎಂದಳು ಶ್ರೀಲತಾ.

"ಊಟ ಹೊರಗಡೆ ಇಡ್ಬೇಡಿ ಅಂತ ಬೆಳಿಗ್ಗೆ ಹೇಳಿದ್ನಲ್ಲ?"

"ಊಟ ಎಲ್ಲಿಟ್ವಿ? ಊಟ ಎಲ್ಲ ನಿನ್ನ ಡಬ್ಬದಲ್ಲೇ ಇದ್ಯಲ್ಲಪ್ಪ."

ಪ್ರತಾಪ ಬಂಡೆಗೆ ಒರಗಿ ಕುಸಿದು ಕೂತ. ಅವಲಕ್ಕಿ ಕತೆಗಷ್ಟೇ, ನಿಜಕ್ಕೂ ಹೊತ್ತು ತರುತ್ತಾರೆ ಎಂದು ಅವನು ಎಣಿಸಿರಲಿಲ್ಲ. ಇನ್ನೆಲ್ಲೆಲ್ಲಿ ಇಟ್ಟಿದ್ದೀರಿ ಎಂದು ಕೇಳಿದ. ಹೇಳಿದರು. ಆಮೇಲೆ ಅವನು ಬೆಳಿಗ್ಗೆ ಹೇಳದೆ ಉಳಿಸಿದ್ದನ್ನು ಹೇಳಿದ. ಅಕ್ಕಂದಿರು ಹೆದರಿಯಾರು ಎಂದು ಬಾಯಿ ಬಿಟ್ಟಿರಲಿಲ್ಲ. ಈ ಕಣಿವೆಯಲ್ಲಿ ಎರಡು ಮರಿ ಕಟ್ಟಿಕೊಂಡ ತಾಯಿ ಕರಡಿ ಒಂದಿದೆ. ಆಗಲೇ ಒಂದು ಸಲ ಯಾರದೋ ಟೆಂಟಿನ ಹೊರಗೆ ಬಿಟ್ಟಿದ್ದ ತಿಂಡಿ ತಿಂದಿದೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ. ಇನ್ನೊಂದು ಸಲ ಹಾಗಾದರೆ ಅದನ್ನು ಕೊಲ್ಲದೆ ದಾರಿಯಿಲ್ಲ ಎಂದು ರೇಂಜರಮ್ಮ ಬೇಜಾರಿನಿಂದ ಹೇಳಿದ್ದಳು. ಹಾದಿಯುದ್ದಕ್ಕೂ ಬೆಲ್ಲ, ಕಾಯಿ. ಇದಕ್ಕಿಂತ ಒಳ್ಳೆಯ ಪಾಠ ಕರಡಿಗೆ ಯಾರು ಕಲಿಸಬೇಕು?

ಮಕ್ಸೂದಾ ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಕೂಡಲೇ ಬಗ್ಗಿ ಎಲೆಯನ್ನು ಎತ್ತಿಕೊಂಡಳು.

ಇಟ್ಟ ನೈವೇದ್ಯವನ್ನು ವಾಪಸು ತೆಗೆಯಬಾರದು ಕಣೇ ಎಂದು ಶ್ರೀಲತಾ ಮೆಲ್ಲಗೆ ಗೊಣಗಿದಳು. ಆಮೇಲೆ ತಾನೇ ತಲೆ ಚಚ್ಚಿಕೊಂಡು, ಮಾಡಿದ್ದುಣ್ಣೋ ಮಹಾರಾಯ ಅಂತ ಇದಕ್ಕೇ ಹೇಳೋದು ಎಂದು ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದಳು. ಎಲೆಯಿಂದ ಜಾರಿದ ಒಂದೊಂದು ಕಾಳನ್ನೂ ಮೂವರೂ ಬೆರಳಿನಿಂದ ಆರಿಸಿದರು. ಪ್ರತಾಪ, ಹೇಗೂ ಬಂದಿದ್ದೀರಲ್ಲ ಅಕ್ಕ, ಆ ಮಾತೊಂದು ಹೇಳಿಬಿಡಿ, ಹೊರಡೋಣ ಎಂದ.

"ಅವಳ ಕುತ್ತಿಗೆಗೆ ಕತ್ತಿ ಇಟ್ಬಿಟ್ಟು ಕಿವೀಲಿ ಥ್ಯಾಂಕ್ಸ್ ಹೇಳ್ಲಾ? ನಡಿ," ಎಂದಳು ಮಕ್ಸೂದಾ.

ತಾನೊಬ್ಬನೇ ಓಡಿಹೋಗಿ ಉಳಿದ ಮೂರನ್ನೂ ತೆಗೆಯುತ್ತೇನೆ, ನೀವು ನಿಧಾನಕ್ಕೆ ಬನ್ನಿ ಎಂದ ಪ್ರತಾಪ. ಆದರೆ ಯಾವ ಕಲ್ಲಿನ ಸಂದಿ, ಯಾವ ಬೇರಿನ ಕೆಳಗೆ ಎಂಬುದು ಇಟ್ಟವರಿಗೇ ಗೊತ್ತು. ಕಾಡಿನಲ್ಲಿ ಬೇರೆಯಾಗುವುದೂ ತರವಲ್ಲ. ಅಷ್ಟರಲ್ಲಿ ಕಣಿವೆಯ ತುದಿಯಲ್ಲಿ ಗುಡುಗು ಉರುಳಿತು.

ಹೊರಟರು. ಬರುವಾಗ ಹೂವು ನೋಡುತ್ತ ಬಂದ ದಾರಿ ಈಗ ನೆಲ ನೋಡುತ್ತ ಹೋಗುವ ದಾರಿಯಾಯಿತು. ರೋಡೋಡೆಂಡ್ರನ್ ಚಪ್ಪರದ ಕೆಳಗಿನ ಎಲೆ ಇಟ್ಟ ಹಾಗೆಯೇ ಇತ್ತು. ಶ್ರೀಲತಾ ಅದನ್ನು ಚೀಲಕ್ಕೆ ಹಾಕಿ ಒಂದು ನಿಟ್ಟುಸಿರು ಬಿಡುವ ಹೊತ್ತಿಗೆ ಮಳೆ ಸುರಿಯಿತು.

ಪಾಪ್ಲರ್ ಮರ ನೆನೆದು ಎಣ್ಣೆ ಹಚ್ಚಿದಂತಾಗಿತ್ತು. ಕೆಳಗೆ ನದಿ ಕೆಂಪಾಗತೊಡಗಿತ್ತು.

ಪ್ರತಾಪ ಮೂವರ ಸೊಂಟಕ್ಕೂ ಇನ್ನೊಂದು ಹಗ್ಗ ಸುತ್ತಿದ. ಅವನು ಮುಂದೆ, ಮಧ್ಯೆ ಮಕ್ಸೂದಾ, ಹಿಂದೆ ಶ್ರೀಲತಾ. ಕೈಯೂರು, ಜಾರು, ಕೈಯೂರು. ನಡುವೆ ಬಂದಾಗ ಮಕ್ಸೂದಾಳ ತೊಡೆ ತೊಗಟೆಯ ಮೇಲೆ ಸರ್ರನೆ ಸರಿಯಿತು. ಅರ್ಧ ಮೈ ಪಕ್ಕಕ್ಕೆ ವಾಲಿತು. ಬೂಟಿಗೆ ನೀರು ಬಡಿಯಿತು.

ಹಗ್ಗ ಬಿಗಿಯಾಯಿತು. ಮುಂದಿನಿಂದ ಒಬ್ಬ, ಹಿಂದಿನಿಂದ ಒಬ್ಬಳು.

ಶ್ರೀಲತಾ ಮರವನ್ನು ತಬ್ಬಿ ಮಲಗಿಬಿಟ್ಟಿದ್ದಳು, ಹಗ್ಗವನ್ನು ಮಾತ್ರ ಬಿಟ್ಟಿರಲಿಲ್ಲ. ಮಕ್ಸೂದಾ ಉಗುರು ಕಿತ್ತುಹೋಗುವಂತೆ ತೊಗಟೆ ಹಿಡಿದು ಮೇಲೆ ಬಂದಳು. ಆಚೆ ದಡದ ಮರಳಿನ ಮೇಲೆ ಮೂವರೂ ಮಕಾಡೆ ಬಿದ್ದುಕೊಂಡರು. ಜೀವ ಬಾಯಿಗೆ ಬಂದು ಹೋಗಿತ್ತು. ಪ್ರತಾಪ ಅವಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಅಂಕಿ ಏರುವವರೆಗೂ ಎದ್ದೇಳಬಾರದು ಎಂದು ಗದರಿದ. ಕಾಯುತ್ತ ಅವಳು ಇಬ್ಬರ ಮುಖವನ್ನೂ ನೋಡಿದಳು. ಮಳೆಯಲ್ಲಿ ತೊಯ್ದು ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದ ಮುಖಗಳು. ಅವತ್ತು ಟ್ಯಾಬ್ಲೆಟ್ಟಿನಲ್ಲಿ ಅಂಗೈಯಷ್ಟಿದ್ದ ಈ ಎರಡು ಮುಖಗಳನ್ನು ಹಿಡಿದುಕೊಂಡೇ ತಾನು ಜನವರಿ ದಾಟಿದ್ದು. ಹೇಳಬೇಕೆನಿಸಿತು, ಉಸಿರು ಸಾಲಲಿಲ್ಲ.

ಕುಸಿತದ ಜಾಗದ ಎಲೆಯನ್ನು ಮಳೆ ಮಗುಚಿ ಹಾಕಿತ್ತು. ಅವಲಕ್ಕಿ ಕೆಂಪು ಮಣ್ಣಿನಲ್ಲಿ ಕಲೆಸಿಹೋಗಿತ್ತು. ಬೆಲ್ಲದ ವಾಸನೆ ಮಣ್ಣಿಗೇ ಹತ್ತಿರುತ್ತದೆ, ಮಣ್ಣು ಸಮೇತ ತೆಗೆಯಿರಿ ಎಂದ ಪ್ರತಾಪ. ಹರ್ನ್‌ಡನ್ನಿನಲ್ಲಿ ಹನ್ನೆರಡು ಜನರ ಟೀಮ್ ನಡೆಸುವ ಶ್ರೀಲತಾ ಮಂಡಿಯೂರಿ ಕೂತು, ಅಂಗೈಯಲ್ಲಿ ಕೆಸರು ಬಾಚಿ ಬಾಚಿ ಚೀಲಕ್ಕೆ ತುಂಬಿದಳು. ನಮ್ಮ ಅಜ್ಜಿ ನೋಡಿದ್ರೆ ನೈವೇದ್ಯಕ್ಕೆ ಹೊಸ ವಿಧಾನ ಕಲಿತೆ ಅಂತಿದ್ಲು ಎಂದು ತನ್ನನ್ನೇ ಬೈದುಕೊಂಡಳು. ಮಕ್ಸೂದಾ ನಗಲು ಹೋಗಿ ಕೆಮ್ಮಿದಳು. ಹಗ್ಗ ಹಿಡಿದು, ನಿಂತು ನಿಂತು ಮೂವರೂ ಕುಸಿತ ದಾಟಿದರು.

ಇನ್ನೊಂದೇ ಉಳಿದಿತ್ತು, ಮೇಲಿನ ಒರತೆಯದು. ಮಳೆ ನಿಂತು ಬಿಸಿಲು ಬಿತ್ತು. ನೆಲದಿಂದ ಹಬೆ ಏಳುತ್ತಿತ್ತು, ಎಲ್ಲ ವಾಸನೆಯೂ ಎದ್ದು ಬರುತ್ತಿತ್ತು. ಏರು ದಾರಿ. ಹತ್ತು ಹೆಜ್ಜೆಗೆ ನಿಲ್ಲುತ್ತಿದ್ದವಳು ಈಗ ಐದಕ್ಕೆ ನಿಂತಳು, ಆಮೇಲೆ ಮೂರಕ್ಕೆ. ಪ್ರತಾಪ ಅವಳ ಚೀಲವನ್ನೂ ಹೊತ್ತುಕೊಂಡ. ಇಲ್ಲೇ ಕೂತಿರಿ, ಈ ಒಂದನ್ನು ನಾವು ತರುತ್ತೇವೆ ಎಂದು ಇಬ್ಬರೂ ಬೇಡಿಕೊಂಡರು. ಅವಳು ತಲೆಯಾಡಿಸಿ ಹತ್ತುತ್ತಲೇ ಇದ್ದಳು. ಉತ್ತರ ಕೊಡಲು ಬೇಕಾದ ಉಸಿರನ್ನು ಇನ್ನೊಂದು ಹೆಜ್ಜೆಗೆ ಉಳಿಸಿಕೊಂಡಳು.

ತಿರುವಿನಲ್ಲಿ ಪ್ರತಾಪ ಕೈಯೆತ್ತಿ ನಿಲ್ಲಿಸಿದ.

ಒರತೆಯ ಕಲ್ಲು ಇವರಿಗೆ ಹತ್ತಿರದಲ್ಲೇ ಇತ್ತು. ಎಲೆ ಕಾಣುತ್ತಿತ್ತು. ಅದರಾಚೆ, ಬಿದ್ದ ಮರಗಳ ಸಾಲಿನ ಹಿಂದೆ, ಕಪ್ಪಗೆ ಏನೋ ಅಲುಗಿತು.

ಕರಡಿ.

ಹಿಂದೆ ಎರಡು ಮರಿಗಳು. ಒಂದು ದಿಮ್ಮಿಯ ಮೇಲೆ ಹತ್ತುತ್ತಿತ್ತು, ಇನ್ನೊಂದು ಅದರ ಕಾಲು ಎಳೆಯುತ್ತಿತ್ತು. ತಾಯಿ ಮೂತಿ ಮೇಲೆತ್ತಿ ಗಾಳಿ ಮೂಸುತ್ತಿದ್ದಳು. ಮೂಸಿ, ಒಂದು ಹೆಜ್ಜೆ ಎಲೆಯ ಕಡೆಗೆ ಇಟ್ಟಳು. ಇನ್ನೊಂದು.

ಓಡಬೇಡಿ, ಒಟ್ಟಿಗೆ ನಿಂತ್ಕೊಳ್ಳಿ, ಗಲಾಟೆ ಮಾಡಿ ಎಂದು ಪ್ರತಾಪ ಪಿಸುಗುಟ್ಟಿ ಸ್ಪ್ರೇ ಕೈಗೆ ತೆಗೆದುಕೊಂಡ. ಅವನೂ ಕೂಗಿದ. ಆದರೆ ಹಗ್ಗ ಎಳೆದು, ಎರಡು ಚೀಲ ಹೊತ್ತು ಅವನ ಗಂಟಲು ಒಣಗಿಹೋಗಿತ್ತು. ಮಾತಿನ ಮಲ್ಲಿ ಶ್ರೀಲತಾಳ ಬಾಯಿಂದ ಒಂದೇ ಒಂದು ಅಕ್ಷರ ಹೊರಡಲಿಲ್ಲ. ಕರಡಿ ಒಮ್ಮೆ ಇವರ ಕಡೆ ನೋಡಿ, ಮತ್ತೆ ಎಲೆಯ ಕಡೆ ಮೂತಿ ತಿರುಗಿಸಿತು.

ಮಕ್ಸೂದಾ ಎರಡು ಕೈಯನ್ನೂ ಮೇಲೆತ್ತಿದಳು. ಮಳೆಯಂಗಿ ರೆಕ್ಕೆಯಂತೆ ಬಿಚ್ಚಿಕೊಂಡಿತು. ಉಸಿರು ಎಳೆದುಕೊಂಡಳು. ಇಷ್ಟು ವರ್ಷ ಅರ್ಧಕ್ಕೇ ನಿಲ್ಲುತ್ತಿದ್ದ ಉಸಿರು ಇನ್ನೂ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಯಿತು. ಏನು ಕೂಗಬೇಕೆಂದು ಯೋಚಿಸಲಿಲ್ಲ. ನಾಲಗೆಯ ಮೇಲೆ ಇದ್ದದ್ದು ಒಂದೇ ಮಾತು.

"ನಾನಿದ್ದೀನಿ!"

ಕಣಿವೆಯ ಎದುರು ಗೋಡೆ ಅದನ್ನು ಹಿಡಿದು ವಾಪಸು ಎಸೆಯಿತು. ಕರಡಿ ಗಕ್ಕನೆ ನಿಂತಿತು.

ಮತ್ತೆ ಕೂಗಿದಳು. ಶ್ರೀಲತಾ ಎಚ್ಚೆತ್ತು ಸ್ಟೀಲ್ ಬಾಟಲಿಯನ್ನು ಕಲ್ಲಿಗೆ ಕುಟ್ಟಿದಳು, ಅವಳೂ ಅದೇ ಮಾತನ್ನು ಕೂಗಿದಳು. ಪ್ರತಾಪನೂ ಸೇರಿಕೊಂಡ. ತಾಯಿ ಕರಡಿ ಬುಸ್ಸೆಂದು ಉಸಿರು ಬಿಟ್ಟು ಹಲ್ಲು ಕಟಕಟಿಸಿತು. ಮರಿಗಳು ಪಕ್ಕದ ಮರಕ್ಕೆ ಸರಸರ ಹತ್ತಿದವು. ಒಂದು ಕ್ಷಣ ಯಾರೂ ಅಲುಗಲಿಲ್ಲ, ಆ ಕಡೆಯೂ ಈ ಕಡೆಯೂ. ಆಮೇಲೆ ತಾಯಿ ತಿರುಗಿದಳು. ಮರದ ಬುಡಕ್ಕೆ ಹೋಗಿ ಏನೋ ಗುರುಗುಟ್ಟಿದಳು, ಮರಿಗಳು ಹಿಂದುಮುಂದಾಗಿ ಇಳಿದವು, ತಾಯಿ ಮರಿ ಮೂರೂ ಬಿದ್ದ ಮರಗಳ ಮೇಲೆ ಹಾರಿ ಬೆಟ್ಟದ ಪಕ್ಕಕ್ಕೆ ಓಡಿದವು. ಒಣಗಿದ ಕೊಂಬೆಗಳು ಮುರಿಯುವ ಶಬ್ದ ದೂರ ದೂರವಾಗಿ ಕೊನೆಗೆ ಕೇಳದಾಯಿತು.

ಪ್ರತಾಪ ಅವು ಹೋದ ದಿಕ್ಕಿಗೆ ಸ್ಪ್ರೇ ಹಿಡಿದು ನಿಂತೇ ಇದ್ದ. ಮಕ್ಸೂದಾ ಹೋಗಿ ಎಲೆಯನ್ನು ಎತ್ತಿದಳು. ಕಲ್ಲಿನ ಸಂದಿಯನ್ನು ಒರತೆಯ ನೀರಿನಿಂದ ತೊಳೆದಳು, ತೊಳೆದ ಜಾಗವನ್ನು ಮೂಸಿ ನೋಡಿ ಮತ್ತೆ ತೊಳೆದಳು. ಚೀಲದ ಬಾಯಿ ಬಿಗಿದು ಪ್ರತಾಪನ ಡಬ್ಬಕ್ಕೆ ಹಾಕಿ ಮುಚ್ಚಳ ತಿರುವಿದಳು. ಅಲ್ಲೇ ಕೂತು ಅತ್ತಳು. ನೋವಿಗಲ್ಲ. ಕೂಗಿದ್ದು ತಾನೇ, ಆ ದನಿ ತನ್ನದೇ ಎನ್ನುವುದಕ್ಕೆ.

ಬಿಸಿಲು ಇಳಿಯುವ ಹೊತ್ತಿಗೆ ಪಾರ್ಕಿಂಗ್ ಕಂಡಿತು. ಇನಾಯತುಲ್ಲಾ ಕುಂಟುತ್ತ ಎದುರು ಬಂದ. ಮಾತು ತಿಳಿಯದಿದ್ದರೂ ಕೂಗು ಅಲ್ಲಿಗೂ ಕೇಳಿಸಿತ್ತಂತೆ. ಯಾರೋ ಗಟ್ಟಿ ಎದೆಯ ಹೆಂಗಸು ಎಂದುಕೊಂಡನಂತೆ. ಅದು ತನ್ನ ಹೆಂಡತಿಯೆಂದು ಗೊತ್ತಾದಾಗ ಅವಳ ಕೆಸರು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಬಿಡಲೇ ಇಲ್ಲ. ಅವಳು ಬಾಟಲಿಯ ನೀರಿನಲ್ಲಿ ಕೈಕಾಲು ಮುಖ ತೊಳೆದು ವುಜೂ ಮಾಡಿ, ಕಾರಿನ ಹಿಂದೆ ಟವಲ್ ಹಾಸಿಕೊಂಡು ಇಳಿಹೊತ್ತಿನ ಅಸರ್ ನಮಾಜು ಮುಗಿಸಿದಳು. ಅಷ್ಟರಲ್ಲಿ ಶ್ರೀಲತಾ ಚಕ್ಕುಲಿ ತೆಗೆದಿದ್ದಳು, ಪ್ರತಾಪ ರೇಂಜರ್ ಆಫೀಸಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ, ತಮ್ಮ ತಪ್ಪು ಸಮೇತ, ಹೇಳಿ ಮುಗಿಸಿದ್ದ. ಬೈದರಂತೆ. ಕರಡಿಗೆ ಒಂದು ಕಾಳೂ ಸಿಗಲಿಲ್ಲ ಎಂದು ತಿಳಿದ ಮೇಲೆ, ಹಾಗಿದ್ದರೆ ಈ ಸಲಕ್ಕೆ ಅದು ಬಚಾವ್ ಎಂದರಂತೆ.

ಶ್ರೀಲತಾ ಒಂದು ಚಕ್ಕುಲಿ ಮುರಿದು ಗೆಳತಿಯ ಕೈಗಿಟ್ಟಳು. ಮುಖ ಸಣ್ಣದಾಗಿತ್ತು.

"ಹರಕೆ ತೀರ್ಲೇ ಇಲ್ವಲ್ಲೇ. ತಿನ್ನಿಸ್ತೀನಿ ಅಂತ ಹೇಳಿ, ಬಾಯಿಗೆ ಬಂದಿದ್ದನ್ನೂ ಕಿತ್ಕೊಂಡ್ವಿ."

"ತೀರ್ತು," ಎಂದಳು ಮಕ್ಸೂದಾ. "ನೀವಿಬ್ರೂ ನನ್ನ ಉಳಿಸ್ಕೊಂಡ್ರಿ. ನಾನು ಅವಳನ್ನ ಉಳಿಸ್ಕೊಂಡೆ. ಇನ್ನೇನು ತೀರ್ಬೇಕು?"

ಕೈಯಲ್ಲಿದ್ದ ಚಕ್ಕುಲಿ ತಿಂದು ಮುಗಿಸಿದಳು. ಆಮೇಲೆ ಅವಳು ಇಬ್ಬರ ಕೈಯನ್ನೂ ಹಿಡಿದು, ನದಿಯ ದಡದಲ್ಲಿ ಉಸಿರು ಸಾಲದೆ ಉಳಿದಿದ್ದನ್ನು ಹೇಳಿದಳು. ನಿಮ್ಮಿಂದ ಇದ್ದೀನಿ ಕಣ್ರೋ ಎಂದಳು. ಶ್ರೀಲತಾ ಏನೋ ತಮಾಷೆ ಮಾಡಲು ಹೋಗಿ ಆಗದೆ ಅವಳ ಹೆಗಲಿಗೆ ಮುಖ ಒರಗಿಸಿದಳು. ಪ್ರತಾಪ ಹಗ್ಗ ಸುತ್ತುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡ.

ಷಾರ್ಲೆಟ್ಟಿನ ಕಡೆ ಕಾರು ಇಳಿಯುತ್ತಿದ್ದಾಗ ಮಕ್ಸೂದಾ ಮೊದಲ ಸಲ ತಾನೇ ಮಗ್ಗುಲುನಾಡಿನ ಕತೆ ಹೇಳಿದಳು. ಇಷ್ಟು ದಿನ ಅವಳು ಕೇಳುವವಳು ಮಾತ್ರ. ನಾಲ್ಕನೇ ಸಲ ದೊಡ್ಡಮ್ಮ ಮಗ್ಗುಲು ಬದಲಿಸಲಿಲ್ಲ, ಕಣ್ಣು ಬಿಟ್ಟಳು ಎಂದಳು. ಎದ್ದು ನಿಂತೇಬಿಟ್ಟಳು. ಜನರೆಲ್ಲ, ಆಯಿತು, ಇನ್ನು ಮುಗಿಯಿತು ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡು ಕಣ್ಣು ಮುಚ್ಚಿದರು.

ಇನಾಯತುಲ್ಲಾ ಇಷ್ಟು ವರ್ಷ ಆ ಕತೆಯ ಗೊಡವೆಗೆ ಹೋದವನಲ್ಲ. ಸ್ಟೀರಿಂಗ್ ಹಿಡಿದುಕೊಂಡೇ, ಆಮೇಲೆ ಏನಾಯ್ತು ಎಂದು ಕೇಳಿದ.

"ಏನೂ ಆಗ್ಲಿಲ್ಲ ರೀ," ಎಂದಳು ಮಕ್ಸೂದಾ. "ಮರಿಗಳನ್ನ ಕರ್ಕೊಂಡು ಬೆಟ್ಟ ಹತ್ತಿ ಹೋದ್ಲು. ಇವರು ಕಣ್ಣು ಬಿಟ್ಟು ನೋಡಿದ್ರೆ, ಎಲ್ಲಾರೂ ಇದ್ರು."